ಹೆಸರುಳ್ಳ ನಾಯಿ: ಆತಕೂರಿನ ಕಾಳಿ, ಕುವೆಂಪು ಅವರ ಹುಲಿಯ, ತೇಜಸ್ವಿಯವರ ಕಿವಿ

ಕನ್ನಡದ ಗಾದೆಗಳಲ್ಲಿ ಬರುವ ನಾಯಿಗೆ ಹೆಸರಿಲ್ಲ. ಬಾಲ ಡೊಂಕಾಗಿರುವ ನಾಯಿ, ತನಗೆ ಹೇಳಿದ ಕೆಲಸವನ್ನು ಬಾಲಕ್ಕೆ ವಹಿಸುವ ನಾಯಿ, ಮಾಡಲು ಕೆಲಸವಿಲ್ಲದಿದ್ದರೂ ನಿಲ್ಲಲು ಹೊತ್ತಿಲ್ಲದ ನಾಯಿ - ಇವು ಯಾವುದೇ ಒಂದು ಮನೆಯ ಅಂಗಳದಲ್ಲಿ ಮಲಗಿ ಬಿಸಿಲು ಕಾಯಿಸಿಕೊಂಡ ನಾಯಿಗಳಲ್ಲ. ಮನುಷ್ಯನ ದೌರ್ಬಲ್ಯಗಳನ್ನು ಹೊರಿಸಲು ಭಾಷೆ ಕಂಡುಕೊಂಡ ಒಂದು ಅನುಕೂಲವಾದ ಬೆನ್ನು ಅದು. ವಚನಕಾರರಲ್ಲಿಯೂ ಕೀರ್ತನಕಾರರಲ್ಲಿಯೂ ನಾಯಿ ಬಹುಮಟ್ಟಿಗೆ ಇಂಥ ಹೀನೋಪಮಾನವಾಗಿಯೇ ಬರುತ್ತದೆ. ಆದರೆ ಇದೇ ಭಾಷೆಯ ಜನ ತಮ್ಮ ಮನೆಯ ನಾಯಿಗೆ ಹೆಸರಿಟ್ಟು ಕರೆದಿದ್ದಾರೆ. ಅದರ ಹಟ, ಅದರ ಹೆದರಿಕೆ, ಅದರ ಕಳ್ಳಬುದ್ಧಿಗಳನ್ನು ಮನೆಮಂದಿಯ ಗುಣಗಳಂತೆಯೇ ನೆನೆದು ಮಾತಾಡಿದ್ದಾರೆ. ಜಾತಿಯಾಗಿ ತುಚ್ಛವಾದುದು ವ್ಯಕ್ತಿಯಾಗಿ ಪ್ರಿಯವಾಗುವ ಈ ವಿರೋಧವನ್ನು ಕನ್ನಡ ಬರವಣಿಗೆ ಹೇಗೆ ನಿಭಾಯಿಸಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದು ನಾಯಿಯ ಕುರಿತಾದ ಪ್ರಶ್ನೆ ಮಾತ್ರವೂ ಅಲ್ಲ. ಹೆಸರಿಲ್ಲದ ಗುಂಪಿನಿಂದ ಒಂದು ಜೀವವನ್ನು ಬಿಡಿಸಿ, 'ಇದು ಇಂಥದ್ದು' ಎಂದು ಗುರುತಿಸುವ ಶಕ್ತಿ ಒಂದು ಸಾಹಿತ್ಯಕ್ಕೆ ಎಷ್ಟಿದೆ ಎಂಬುದರ ಪರೀಕ್ಷೆ ಅದರಲ್ಲಿದೆ.

ಹೆಸರುಳ್ಳ ನಾಯಿಯನ್ನು ಕನ್ನಡದಲ್ಲಿ ಹುಡುಕಹೊರಟವರು ಮೊದಲು ನಿಲ್ಲಬೇಕಾದದ್ದು ಕಾವ್ಯದ ಮುಂದಲ್ಲ, ಒಂದು ಕಲ್ಲಿನ ಮುಂದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಶಕ ವರ್ಷ 872ರ, ಎಂದರೆ ಕ್ರಿ.ಶ. 949-50ರ ಶಾಸನ ಅದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ತಿಳಿಸುವುದರಿಂದ ರೈಸ್, ಫ್ಲೀಟ್ ಅವರ ಕಾಲದಿಂದಲೂ ಇತಿಹಾಸಕಾರರಿಗೆ ಇದು ಬಹುಮುಖ್ಯವಾದ ಆಕರ. ರಾಜಾದಿತ್ಯನ ಸಾವು ನೇರ ಕಾಳಗದಲ್ಲಿ ಆಯಿತೇ, ವಂಚನೆಯಿಂದ ಆಯಿತೇ ಎಂಬ ಚರ್ಚೆಗೆ ವಿದ್ವತ್ತು ಸಾಕಷ್ಟು ಶ್ರಮ ವ್ಯಯಿಸಿದೆ. ಕಲ್ಲನ್ನು ನಿಲ್ಲಿಸಿದ್ದು ಮಾತ್ರ ರಾಜಾದಿತ್ಯನಿಗಾಗಿ ಅಲ್ಲ, ಬೂತುಗನಿಗಾಗಿಯೂ ಅಲ್ಲ. ಕಾಳಿ ಎಂಬ ಬೇಟೆನಾಯಿಗಾಗಿ.

ಶಾಸನದ ಕಥನವನ್ನು ಅದರ ಒಳತರ್ಕದಂತೆ ಓದಿದರೆ ತಕ್ಕೋಲದ ಯುದ್ಧ ಒಂದು ಪೀಠಿಕೆ. ಬೂತುಗನ ಆಳಾದ ಮಣಲೇರನು ಆ ಕಾಳಗದಲ್ಲಿ ಮೆರೆದ ಶೌರ್ಯಕ್ಕೆ ಒಡೆಯ ಮೆಚ್ಚಿ, ಬೇಕಾದುದನ್ನು ಕೇಳಿಕೊಳ್ಳೆಂದಾಗ ಅವನು ಕೇಳಿದ್ದು ಕಾಳಿಯನ್ನು. ಹೀಗೆ ಪಡೆದ ನಾಯಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ಭಾರಿ ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಅದಕ್ಕೆ ಭೂಮಿ ಬಿಡಲಾಯಿತು. ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳು ಸಂದದ್ದೂ ಇದೇ ಕಲ್ಲಿನಲ್ಲಿದೆ. ನಾಡುಗಳು ಕೈಬದಲಾಗುವ ಆ ಸನ್ನಿವೇಶದಲ್ಲಿ ಒಬ್ಬ ವೀರ ನಾಯಿಯನ್ನು ಕೇಳುತ್ತಾನೆ ಎಂಬುದು ಸಾಮಾನ್ಯ ಸಂಗತಿಯಲ್ಲ. ಅವನಿಗೆ ಆತಕೂರೂ ದೊರೆಯಿತು, ನಿಜ. ಆದರೆ ಬಾಯಿಬಿಟ್ಟು ಬೇಡಿದ್ದು ನಾಯಿಯನ್ನು. ಬೇಡುವ ಮೊದಲೇ ಆ ನಾಯಿಯ ಗುಣ ಅವನಿಗೆ ಗೊತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಹಿಂಡಿನಲ್ಲಿ ಯಾವುದೋ ಒಂದು ಅವನಿಗೆ ಬೇಕಾಗಿರಲಿಲ್ಲ, ಕಾಳಿಯೇ ಬೇಕಾಗಿತ್ತು.

ಶಾಸನದ ಕೊನೆಯ ಶಾಪವಾಕ್ಯ ಇನ್ನೂ ಕುತೂಹಲಕರವಾದುದು. ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವನ್ನು ಅವನು ಹೊರಬೇಕಾಗುತ್ತದೆ. ಗೋಹತ್ಯೆ, ಬ್ರಹ್ಮಹತ್ಯೆ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಮೊದಲಾದವು ಶಾಸನಗಳ ವಾಡಿಕೆಯ ಶಾಪಗಳು. ಅವುಗಳ ನಡುವೆ ಒಂದು ನಾಯಿಯ ಪಾಪ ಲೆಕ್ಕಕ್ಕೆ ಬಂದಿರುವುದನ್ನು ವಿನೋದವೆಂದು ಬಿಟ್ಟುಬಿಡುವುದು ಸುಲಭ. ಆದರೆ ಪಾಪವಿರುವುದು ಕರ್ಮವಿರುವ ಜೀವಕ್ಕೆ ಮಾತ್ರ. ತನ್ನ ಬಾಳಿನ ಲೆಕ್ಕವನ್ನು ತಾನೇ ಹೊರುವ ಒಂದು ಜೀವವೆಂದು ಬರೆದವನು ಕಾಳಿಯನ್ನು ಕಂಡಿದ್ದಾನೆ. ಕಲ್ಲಿನ ಮೇಲ್ಭಾಗದ ಶಿಲ್ಪದಲ್ಲಿಯೂ ಅರಸನಿಲ್ಲ, ಆನೆಕುದುರೆಗಳಿಲ್ಲ. ಹಂದಿಯೊಡನೆ ಸೆಣಸುವ ನಾಯಿ ಇದೆ.

ಇಷ್ಟಾಗಿಯೂ ಶಾಸನ ಕಾಳಿಯ ಬಗ್ಗೆ ಹೇಳುವುದು ಬಲು ಸ್ವಲ್ಪ. ಅದರ ಮೈಬಣ್ಣವನ್ನು ಹೆಸರಿನಿಂದ ಊಹಿಸಬೇಕು. ಒಡೆಯ ಬದಲಾದಾಗ ಅದು ಹೊಸ ಕೈಯ ಅನ್ನವನ್ನು ಒಡನೆಯೇ ತಿಂದಿತೋ, ಕೆಲವು ದಿನ ಹಟ ಹಿಡಿಯಿತೋ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಹಿಡಿದ ಹಂದಿಯನ್ನು ಬಿಡಲಿಲ್ಲ ಎಂಬ ಒಂದೇ ಗುಣ ಉಳಿದಿದೆ. ವೀರಗಲ್ಲಿನ ಪರಿಭಾಷೆಗೆ ಬೇಕಾದದ್ದೂ ಅದೊಂದೇ. ಮನುಷ್ಯ ವೀರರ ವಿಷಯದಲ್ಲಿಯೂ ಆ ಪರಿಭಾಷೆ ಇದಕ್ಕಿಂತ ಉದಾರವಾಗಿಲ್ಲ.

ಕಾಳಿ ಸತ್ತ ಕಾಲಕ್ಕೆ ಪಂಪನ 'ವಿಕ್ರಮಾರ್ಜುನ ವಿಜಯ' ರಚನೆಯಾಗಿ ಹತ್ತು ವರ್ಷವೂ ಕಳೆದಿರಲಿಲ್ಲ. ಎರಡೂ ರಾಷ್ಟ್ರಕೂಟ ಸಾಮಂತರ ಲೋಕಕ್ಕೆ ಸೇರಿದವು. ಕಲ್ಲು ಒಂದು ನಾಯಿಗೆ ಹೆಸರು ಕೊಟ್ಟ ಕಾಲದಲ್ಲಿ ಕಾವ್ಯ ಏಕೆ ಕೊಡಲಿಲ್ಲ ಎಂಬುದಕ್ಕೆ ಅಲಂಕಾರಶಾಸ್ತ್ರದಲ್ಲಿ ಒಂದು ಉತ್ತರ ಸಿಗುತ್ತದೆ. ಪ್ರಾಣಿಯನ್ನು ಇದ್ದಂತೆ ವರ್ಣಿಸುವ ಬಗೆಗೆ ಸ್ವಭಾವೋಕ್ತಿ ಎಂದು ಹೆಸರು. ದಂಡಿ ಅದನ್ನು 'ಜಾತಿ' ಎಂದೂ ಕರೆದು ಅರ್ಥಾಲಂಕಾರಗಳಲ್ಲಿ ಮೊದಲ ಸ್ಥಾನ ನೀಡುತ್ತಾನೆ. 'ಕವಿರಾಜಮಾರ್ಗ' ಬಹುಮಟ್ಟಿಗೆ ಅನುಸರಿಸಿದ್ದು ದಂಡಿಯ ದಾರಿಯನ್ನೇ. ದಂಡಿ ಸ್ವಭಾವೋಕ್ತಿಯನ್ನು ಜಾತಿ, ಕ್ರಿಯೆ, ಗುಣ, ದ್ರವ್ಯ ಎಂದು ನಾಲ್ಕಾಗಿ ವಿಭಜಿಸುತ್ತಾನೆ. ಜಾತಿಗೆ ಉದಾಹರಣೆಯಾಗಿ ಗಿಳಿಗಳು ಬರುತ್ತವೆ, ಕ್ರಿಯೆಗೆ ತನ್ನ ಸಂಗಾತಿಯನ್ನು ಸುತ್ತುವ ಪಾರಿವಾಳ ಬರುತ್ತದೆ. ದ್ರವ್ಯಕ್ಕೆ, ಎಂದರೆ ಇದೊಂದೇ ಎನ್ನಿಸುವ ವ್ಯಕ್ತಿವಿಶೇಷಕ್ಕೆ, ಬರುವ ಉದಾಹರಣೆ ಶಿವ. ಗಿಳಿ ಎಷ್ಟೇ ಚೆನ್ನಾಗಿ ಚಿತ್ರಿತವಾದರೂ ಅದು ಗಿಳಿಗಳಲ್ಲಿ ಒಂದು. ವ್ಯಕ್ತಿಯ ಪೀಠ ದೇವರಿಗೆ ಮೀಸಲು. ಪ್ರಾಣಿಯನ್ನು ಸೂಕ್ಷ್ಮವಾಗಿ ಗಮನಿಸುವ ಕಣ್ಣು ಆ ಕಾವ್ಯಮೀಮಾಂಸೆಯಲ್ಲಿ ಇಲ್ಲದಿಲ್ಲ; ಒಂದು ಪ್ರಾಣಿಯನ್ನು ಇನ್ನೊಂದರಿಂದ ಬೇರೆ ಮಾಡುವ ಉದ್ದೇಶ ಇಲ್ಲ. ಇಂದಿನ ಆಡುಮಾತಿನಲ್ಲಿ 'ಜಾತಿನಾಯಿ' ಎಂದರೆ ಬೆಲೆಕೊಟ್ಟು ತರುವ ತಳಿಯ ನಾಯಿ; ಅದಕ್ಕೆ ಎದುರಾಗಿ ನಿಂತಿರುವುದು ಇಂಗ್ಲಿಷಿನಿಂದ ಬಂದು ಕನ್ನಡದ್ದೇ ಆಗಿಹೋದ 'ಕಂತ್ರಿ'. ಅಲಂಕಾರಶಾಸ್ತ್ರದ ಜಾತಿ, ನಾಯಿಯ ಜಾತಿ, ಮನುಷ್ಯರ ಜಾತಿ - ಮೂರಕ್ಕೂ ಒಂದೇ ಪದ ಒದಗಿರುವುದು ಮುಂದಿನ ಚರ್ಚೆಗೆ ಪ್ರಸ್ತುತವಾಗಿದೆ.

ಮಹಾಭಾರತದ ನಾಯಿಗಳೂ ಹೆಸರಿಲ್ಲದವುಗಳೇ. ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರಿಂದ ಪೆಟ್ಟು ತಿಂದ ಮರಿ ಸಾರಮೇಯ, ಎಂದರೆ ಸರಮೆಯ ಮಗ. ತಾಯಿಯ ಹೆಸರೇ ಅದರ ಹೆಸರು. ಏಕಲವ್ಯ ಬಾಣಗಳಿಂದ ಬಾಯಿ ತುಂಬಿದ ನಾಯಿ ಪಾಂಡವರದು ಎಂಬುದಷ್ಟೇ ತಿಳಿಯುತ್ತದೆ. ಮಹಾಪ್ರಸ್ಥಾನದಲ್ಲಿ ಯುಧಿಷ್ಠಿರನ ಹಿಂದೆ ನಡೆಯುವ ನಾಯಿ ಕೊನೆಗೆ ನಾಯಿಯೇ ಅಲ್ಲ, ಧರ್ಮದೇವತೆ. ಯುಧಿಷ್ಠಿರನ ಹಿರಿಮೆಯಿರುವುದು ಅದು ಬರಿಯ ನಾಯಿ ಎಂದು ತಿಳಿದೂ ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲದ ನಿಲುವಿನಲ್ಲಿ. ಆದರೆ ಕಥೆ ಮರುಕ್ಷಣವೇ ಆ ನಾಯಿಯನ್ನು ಮಾಯ ಮಾಡಿಬಿಡುತ್ತದೆ. ಸ್ವರ್ಗದ ಬಾಗಿಲಿನವರೆಗೆ ಬಂದ ನಾಯಿಗೆ ಕೊನೆಯಲ್ಲಿ ಒಳಹೋಗುವ ಪ್ರಶ್ನೆಯೇ ಉಳಿಯುವುದಿಲ್ಲ. ಕನ್ನಡದ ಮಟ್ಟಿಗೆ ಇನ್ನೊಂದು ಸಂಗತಿಯಿದೆ. ಪಂಪನ ಕಾವ್ಯ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ, ಗದಾಪರ್ವದವರೆಗೆ ಬಂದು ನಿಲ್ಲುತ್ತಾನೆ. ಉಳಿದ ಪರ್ವಗಳನ್ನು ಬರೆದ ತಿಮ್ಮಣ್ಣ ಕವಿಗೆ ಆ ಮಟ್ಟದ ಓದುಗರು ಸಿಗಲಿಲ್ಲ. ಎಲ್ಲರ ನಾಲಗೆಯ ಮೇಲಿರುವ ಎರಡು ಕನ್ನಡ ಭಾರತಗಳಲ್ಲಿಯೂ ಯುಧಿಷ್ಠಿರನ ನಾಯಿ ಇಲ್ಲ. ಆದರೂ ನಾಯಿಯ ನಿಷ್ಠೆಯ ಮಾತು ಬಂದಾಗಲೆಲ್ಲ ಕನ್ನಡ ವಿಮರ್ಶೆ ಅಲ್ಲಿಗೇ ಓಡುವುದು ಒಂದು ಅಭ್ಯಾಸವಾಗಿದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಹುಲಿಯನನ್ನು ಓದುವಾಗ ಈ ಅಭ್ಯಾಸದಿಂದ ಆಗುವ ನಷ್ಟ ಹೆಚ್ಚಿನದು. ಗುತ್ತಿ ಒಬ್ಬ ಜೀತದಾಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ ಗೌಡರ, ಹೆಗ್ಗಡೆಯವರ ಅಂಗಳದ ಅಂಚಿನಲ್ಲಿ ನಿಂತು ಮಾತಾಡಬೇಕಾದ ಹೊಲೆಯರವನು. ಸದಾ ಬೆನ್ನಿಗಿರುವ ನಾಯಿಯಿಂದಾಗಿ ಅವನು ನಾಯಿಗುತ್ತಿ. ಸಾಮಾನ್ಯವಾಗಿ ನಾಯಿ ಒಡೆಯನಿಂದ ಗುರುತು ಪಡೆಯುತ್ತದೆ, ಗೌಡರ ನಾಯಿ, ಶಾನುಭೋಗರ ನಾಯಿ ಎಂದು. ಇಲ್ಲಿ ಒಡೆಯ ನಾಯಿಯಿಂದ ಗುರುತು ಪಡೆದಿದ್ದಾನೆ. ಆ ಸಮಾಜದ ಬಾಯಲ್ಲಿ ಮನುಷ್ಯನ ಹೆಸರಿನ ಹಿಂದೆ 'ನಾಯಿ' ಸೇರಿಕೊಳ್ಳುವುದು ಬರಿಯ ಗುರುತಲ್ಲ, ಅವನ ಸ್ಥಾನದ ಸೂಚನೆಯೂ ಹೌದು. ಕಾದಂಬರಿ ಅದನ್ನು ಹಾಗೆಂದು ಎಲ್ಲಿಯೂ ವಿವರಿಸುವುದಿಲ್ಲ. ಬದಲಾಗಿ ಗುತ್ತಿಯ ನಾಯಿಗೆ ಹುಲಿಯ ಎಂಬ ಹೆಸರು ಕೊಟ್ಟು, ಅಣಕದ ಹೆಸರನ್ನು ಒಳಗಿನಿಂದಲೇ ತಿರುಗಿಸುತ್ತದೆ. ತನ್ನದೆಂದು ಹೇಳಿಕೊಳ್ಳಲು ಹೊಲವಿಲ್ಲದ, ತನ್ನ ಮೈಯೂ ಸಾಲಕ್ಕೆ ಒತ್ತೆಯಾಗಿರುವ ಮನುಷ್ಯನಿಗೆ ಸ್ವಂತದ್ದು ಎಂದಿರುವುದು ಒಂದು ನಾಯಿ, ಅದರ ಹೆಸರು ಹುಲಿ. ಗುತ್ತಿಗೆ ಹುಲಿಯನ ಮೇಲಿರುವ ಅಧಿಕಾರ ಅವನ ಮೇಲೆ ಇತರರಿಗಿರುವ ಅಧಿಕಾರದಂಥದ್ದಲ್ಲ. ಬೈಗುಳವೂ ಪ್ರೀತಿಯೂ ಒಂದೇ ಉಸಿರಿನಲ್ಲಿ ಬರುವ ಒಡನಾಟ ಅದು.

ಕಾದಂಬರಿಯ ಆರಂಭದಲ್ಲಿಯೇ ಇಲ್ಲಿ ಮುಖ್ಯರೂ ಅಮುಖ್ಯರೂ ಇಲ್ಲವೆಂಬ ಘೋಷಣೆ ಇದೆ. ಅದನ್ನು ಸೂತ್ರವೆಂದು ಉದ್ಧರಿಸುವುದು ಸುಲಭವಾದ್ದರಿಂದ ವಿಮರ್ಶಕರು ಬಹಳ ಸಲ ಉದ್ಧರಿಸಿದ್ದಾರೆ. ಸೂತ್ರದ ನಿಜವಾದ ಪರೀಕ್ಷೆ ಮುಕುಂದಯ್ಯ, ಚಿನ್ನಮ್ಮರ ವಿಷಯದಲ್ಲಿ ನಡೆಯುವುದಿಲ್ಲ. ಹುಲಿಯನ ವಿಷಯದಲ್ಲಿ ನಡೆಯುತ್ತದೆ. ಸರ್ವಸಾಕ್ಷಿಯಾದ ನಿರೂಪಕನಿಗೆ ನಾಯಿಯ ಒಳಗೂ ಮುಚ್ಚಿದ ಬಾಗಿಲಲ್ಲ. ಗುತ್ತಿಯ ಅವಸರ, ತಿಮ್ಮಿಯ ಅಂಜಿಕೆಗಳ ಜೊತೆಯಲ್ಲಿಯೇ ಹುಲಿಯನ ಇರವೂ ಕಥನದಲ್ಲಿ ಎಡೆ ಪಡೆಯುತ್ತದೆ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯ ಪಾಲಾಗುವುದು ಈ ನಾಯಿ. ಆ ಪ್ರಸಂಗವನ್ನು ಮಹಾಪ್ರಸ್ಥಾನದ ಪ್ರತಿಧ್ವನಿಯೆಂದು ಓದುವ ಆಸೆ ಯಾರಿಗಾದರೂ ಹುಟ್ಟೀತು. ದಾಟು, ಹೊಳೆ, ಹಿಂದೆ ಬರುವ ನಾಯಿ - ಎಲ್ಲವೂ ಸಿದ್ಧವಾಗಿಯೇ ಇವೆ. ಆದರೆ ಹಾಗೆ ಓದಿದಾಗ ಹುಲಿಯ ಯಾವುದೋ ದೊಡ್ಡ ಅರ್ಥದ ವಾಹಕನಾಗುತ್ತಾನೆ, ಗುತ್ತಿಯ ದುಃಖ ಹಗುರವಾಗುತ್ತದೆ. ಯುಧಿಷ್ಠಿರ ನಾಯಿಯನ್ನು ಕಳೆದುಕೊಳ್ಳಲಿಲ್ಲ. ಅದರ ಬದಲು ತಂದೆಯನ್ನು ಕಂಡ. ಗುತ್ತಿ ಕಳೆದುಕೊಂಡ, ಬದಲಿಗೆ ಏನನ್ನೂ ಕಾಣಲಿಲ್ಲ. ನೀರಿನಿಂದ ದೇವತೆ ಎದ್ದುಬರುವುದಿಲ್ಲ. ಹುಲಿಯ ಕೊನೆಯವರೆಗೂ ನಾಯಿಯಾಗಿಯೇ ಉಳಿದದ್ದರಿಂದ ಆ ಸಾವು ಕಾದಂಬರಿಯ ಇತರ ಸಾವುಗಳಷ್ಟೇ ಭಾರವಾಗಿದೆ. ಧರ್ಮರಾಯನ ನಾಯಿಗಿಂತ ಆತಕೂರಿನ ಕಾಳಿಯೇ ಅವನಿಗೆ ಹತ್ತಿರದ ನಂಟು.

ತಂದೆಯ ಹುಲಿಯನಿಂದ ಮಗನ ಕಿವಿಗೆ ಬರುವಾಗ ನಾಯಿಯೂ ಬದಲಾಗಿದೆ, ನೋಡುವ ಕಣ್ಣೂ ಬದಲಾಗಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಮತ್ತು 'ಪರಿಸರದ ಕತೆ' (1991) ಕೃತಿಗಳ ಓದುಗರಿಗೆ ಕಿವಿ ಎಂಬ ಸ್ಪೇನಿಯಲ್ ಮಂದಣ್ಣನಷ್ಟೇ, ಪ್ಯಾರನಷ್ಟೇ ಪರಿಚಿತ. ಜೋಲುಕಿವಿಯ ನಾಯಿಗೆ ಕಿವಿ ಎಂದೇ ಹೆಸರು. ಹುಲಿಯ ಎಂಬ ಹೆಸರಿನಲ್ಲಿ ಆಕಾಂಕ್ಷೆ ಇದೆ. ಕಿವಿ ಎಂಬುದರಲ್ಲಿ ಇರುವುದು ಕಂಡದ್ದನ್ನು ಕಂಡಂತೆ ಹೇಳುವ ತುಂಟತನ. ಸ್ಪೇನಿಯಲ್ ಪೊದೆಗಳಲ್ಲಿ ನುಗ್ಗಿ ಹಕ್ಕಿಗಳನ್ನು ಎಬ್ಬಿಸಲು, ಈಡಾದ ಹಕ್ಕಿಯನ್ನು ತರಲು ಯುರೋಪಿನಲ್ಲಿ ರೂಢಿಸಿದ ತಳಿ. ಮೂಡಿಗೆರೆಯ ಕಾಫಿ ತೋಟಕ್ಕೆ ಅದು ಹೊರಗಿನದು. ಆದರೆ ತೇಜಸ್ವಿಯವರ ಬರವಣಿಗೆಯಲ್ಲಿ ಅದರ ಕುಲಗೋತ್ರದ ಹೆಮ್ಮೆ ಇಲ್ಲ. ಜಾತಿನಾಯಿಯ ಘನತೆಯನ್ನು ಅದಕ್ಕೆ ಯಾರೂ ಹೊರಿಸುವುದಿಲ್ಲ. ಹಾರುವ ಓತಿಯನ್ನು ಹುಡುಕಿ ಹೊರಟ ಆ ವಿಚಿತ್ರ ತಂಡದಲ್ಲಿ ವಿಜ್ಞಾನಿ, ಹಳ್ಳಿಗ, ಅಡುಗೆಯವ ಎಲ್ಲರೂ ಸರಿಸಮವಾಗುವಂತೆ ಕಿವಿಯೂ ತಂಡದ ಒಬ್ಬ ಸದಸ್ಯನಾಗುತ್ತದೆ.

ತೇಜಸ್ವಿ ನಾಯಿಯ ಮನಸ್ಸನ್ನು ಹೊಗುವುದಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಹೊರಗೆ ನಿಂತು ನೋಡುತ್ತಾರೆ. ಕಿವಿಗೆ ಏನೋ ಗೊತ್ತಾಗಿದೆ, ನಿರೂಪಕನಿಗೆ ಇನ್ನೂ ಗೊತ್ತಾಗಿಲ್ಲ. ಈ ಅಂತರದಲ್ಲಿ ಕಥನಕ್ಕೆ ಕುತೂಹಲವೂ ಹಾಸ್ಯವೂ ಒದಗುತ್ತವೆ. ಕೆಲವೊಮ್ಮೆ ನಾಯಿಯ ಅರಿವೇ ಸರಿ, ಕೆಲವೊಮ್ಮೆ ಅದರ ಅವಿವೇಕವೇ ದೊಡ್ಡದು. ಎರಡನ್ನೂ ಒಂದೇ ಸ್ವರದಲ್ಲಿ ಹೇಳುವುದು ಅವರ ಗದ್ಯದ ಬಲ. ನಿಷ್ಠೆಯೆಂಬ ಪದವನ್ನು ಬಳಸದೆ ನಾಯಿಯ ಬಗ್ಗೆ ಪುಟಗಟ್ಟಲೆ ಬರೆಯುವುದು ಕನ್ನಡದಲ್ಲಿ ಸಣ್ಣ ಸಾಧನೆಯಲ್ಲ. ನಿಷ್ಠೆ ನಾಯಿಯ ಜಾತಿಗುಣವೆಂದು ಒಪ್ಪಿಬಿಟ್ಟ ಮೇಲೆ ಒಂದು ನಾಯಿಯ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ. ಕಿವಿಯ ವ್ಯಕ್ತಿತ್ವ ಹುಟ್ಟುವುದು ಅದರ ಗುಣಗಳಿಂದಲ್ಲ, ಖಯಾಲಿಗಳಿಂದ.

ಇಲ್ಲಿ ವರ್ಜೀನಿಯಾ ವುಲ್ಫ್ ಅವರ 'ಫ್ಲಶ್' (1933) ಕೃತಿಯೊಡನೆ ಹೋಲಿಕೆ ಉಪಯುಕ್ತ. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಸಾಕಿದ್ದ ಫ್ಲಶ್ ಕೂಡ ಸ್ಪೇನಿಯಲ್. ಪೊದೆಯಿಂದ ಹಕ್ಕಿಯನ್ನು ಎಬ್ಬಿಸಿ ಹಾರಿಸುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದವಿದೆ. ವುಲ್ಫ್ ಆರಿಸಿಕೊಂಡದ್ದು ತೇಜಸ್ವಿಯವರಿಗೆ ವಿರುದ್ಧವಾದ ಮಾರ್ಗ. ಲಂಡನ್ನಿನ ಮಲಗುವ ಕೋಣೆಯನ್ನೂ ಇಟಲಿಯ ಬೀದಿಯನ್ನೂ ನಾಯಿಯ ಮೂಗಿನಿಂದ ಕಟ್ಟಿಕೊಡಲು ಅವರು ಯತ್ನಿಸುತ್ತಾರೆ. ವಾಸನೆಯ ಲೋಕಕ್ಕೆ ಮನುಷ್ಯನ ಭಾಷೆ ಸಾಲದೆಂಬ ಅರಿವೂ ಅವರಿಗಿದೆ. ಕನ್ನಡ ಈ ವಿಷಯದಲ್ಲಿ ತೀರ ಬಡಭಾಷೆಯಲ್ಲ. ಘಮಲು, ಕಮಟು, ಮುಗ್ಗಲು, ಹಳಸಲು, ಕನರು, ಸೀಕಲು, ನಾತ, ಗಬ್ಬು ಎಂದು ಅಡುಗೆಮನೆ ಕೊಟ್ಟಿಗೆಗಳ ಮಾತಿನಲ್ಲಿ ವಾಸನೆಗೆ ಎಷ್ಟೋ ಹೆಸರುಗಳಿವೆ. ನಾಯಿಯ ಮೂಗಿನಿಂದ ಲೋಕವನ್ನು ಕಾಣುವ ಕನ್ನಡ ಕೃತಿಗೆ ಬೇಕಾದ ಶಬ್ದಭಂಡಾರ ಸಿದ್ಧವಿದೆ. ಅದನ್ನು ಆ ಕೆಲಸಕ್ಕೆ ದುಡಿಸಿಕೊಂಡದ್ದು ಕಡಿಮೆ.

'ಫ್ಲಶ್' ನೆನಪಿಸುವ ಇನ್ನೊಂದು ಕೊರತೆಯೂ ಇದೆ. ಕಾಳಿ, ಹುಲಿಯ, ಕಿವಿ ಮೂವರೂ ಗಂಡಸರ ಜೊತೆ ಹೊರಗೆ ನಡೆಯುವ ನಾಯಿಗಳು. ಬೇಟೆ, ಕಾಡು, ದಾರಿ ಇವು ಅವುಗಳ ಲೋಕ. ಆದರೆ ಮನೆಯ ನಾಯಿಗೆ ದಿನಕ್ಕೆರಡು ಹೊತ್ತು ಅನ್ನ ಹಾಕುವವಳು, ಅದು ಇಂದು ಉಣ್ಣಲಿಲ್ಲವೆಂಬುದನ್ನು ಮೊದಲು ಕಾಣುವವಳು, ಯಾವ ಮರಿ ಅಂಜುಬುರುಕ ಯಾವುದು ಜಗಳಗಂಟಿ ಎಂದು ಬಲ್ಲವಳು ಹಿತ್ತಿಲ ಬಾಗಿಲಲ್ಲಿ ನಿಂತ ಹೆಂಗಸು. ಅವಳ ತಿಳಿವಳಿಕೆ ಮನೆಮಾತಾಗಿಯೇ ಉಳಿಯಿತು. ಕಲ್ಲಿಗೂ ಏರಲಿಲ್ಲ, ಕಾದಂಬರಿಗೂ ಹೆಚ್ಚು ಬರಲಿಲ್ಲ. ನಾಯಿಯ ಶೌರ್ಯವನ್ನು ಬಲ್ಲವನು ಬೇಟೆಗಾರ, ಅದರ ಸ್ವಭಾವವನ್ನು ಬಲ್ಲವಳು ಅನ್ನ ಹಾಕುವವಳು ಎಂಬ ಈ ಹಂಚಿಕೆ ನಮ್ಮ ಬರವಣಿಗೆಯ ನಾಯಿಗಳ ಚಹರೆಯನ್ನು ನಿರ್ಧರಿಸಿದೆ.

ಈ ಪರಂಪರೆಗೆ ಸಾಹಿತ್ಯದ ಹೊರಗಿನ ಒಂದು ಮುಂದುವರಿಕೆ 2022ರ ಜೂನ್‌ನಲ್ಲಿ ತೆರೆಕಂಡ, ಕಿರಣ್‌ರಾಜ್ ಕೆ. ನಿರ್ದೇಶನದ '777 ಚಾರ್ಲಿ'. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದ ಈ ಚಿತ್ರದ ನಾಯಕನ ಹೆಸರು ಧರ್ಮ. ಹೆಸರಿನಲ್ಲಿಯೇ ಮಹಾಪ್ರಸ್ಥಾನದ ಸೂಚನೆ ಇದೆ. ಉತ್ತರಾರ್ಧದಲ್ಲಿ ಅವನು ರೋಗಿಯಾದ ನಾಯಿಯೊಡನೆ ಹಿಮದ ನಾಡಿಗೆ ಪಯಣಿಸುವಾಗ ಆ ಸೂಚನೆ ಪ್ರಕಟವಾಗುತ್ತದೆ. ಕುವೆಂಪು ದೂರವಿಟ್ಟ ಪುರಾಣವನ್ನು ಚಿತ್ರ ಮತ್ತೆ ಕರೆತಂದಿದೆ. ಸಾವಿರಾರು ಜನರ ಕಣ್ಣು ತೇವವಾದದ್ದು ಈ ಉತ್ತರಾರ್ಧದಲ್ಲಿ ಎಂಬುದು ನಿಜ. ಆದರೆ ವ್ಯಕ್ತಿಯಾಗಿ ಚಾರ್ಲಿ ಇರುವುದು ಪೂರ್ವಾರ್ಧದಲ್ಲಿ. ಕ್ರೂರಿಯಾದ ಸಾಕಣೆದಾರನಿಂದ ತಪ್ಪಿಸಿಕೊಂಡು ಬಂದು, ಇಡ್ಲಿ ಮತ್ತು ಚಾಪ್ಲಿನ್ ಚಿತ್ರಗಳಲ್ಲಿ ಬದುಕು ಮುಗಿಸಹೊರಟ ಒಬ್ಬ ಸಿಡುಕನ ಮನೆಗೆ ನುಗ್ಗಿ, ಅವನ ಒಪ್ಪವಿಲ್ಲದ ಒಪ್ಪವನ್ನು ಕೆಡಿಸುವ ಲ್ಯಾಬ್ರಡಾರ್ ಅದು. ಅಲ್ಲಿ ಅದು ಯಾವ ಅರ್ಥವನ್ನೂ ಹೊತ್ತಿಲ್ಲ. ತನಗೆ ಬೇಕಾದ್ದನ್ನು ಮಾಡುತ್ತದೆ. ಹಿಮ ಹತ್ತಿರವಾದಂತೆ ಚಾರ್ಲಿಯ ತುಂಟತನ ಕರಗಿ ಸಹನೆ ಮಾತ್ರ ಉಳಿಯುತ್ತದೆ, ಮತ್ತು ಸಹನೆಯಿಂದ ಒಂದು ನಾಯಿಯನ್ನು ಇನ್ನೊಂದರಿಂದ ಗುರುತಿಸಲು ಬರುವುದಿಲ್ಲ. ಧರ್ಮನ ಮನೆಯಲ್ಲಿ ಹರಿದುಹೋದ ಸಾಮಾನುಗಳನ್ನು ನೋಡಿದ ಪ್ರೇಕ್ಷಕ ಮಾತ್ರ ಅದು ಯಾವ ನಾಯಿ ಎಂದು ಹೇಳಬಲ್ಲ.